ಅಮೆಜಾನ್ ಬರುವ ಹೊತ್ತಿಗೆ ಮಾಲ್ ಸತ್ತು ವರ್ಷಗಳಾಗಿದ್ದವು: ರ‍್ಯಾಂಡಲ್ ಪಾರ್ಕ್‌ನ ಲೆಕ್ಕ

ಅಮೆರಿಕದ ಒಹಾಯೊ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡ್ ನಗರದ ಆಗ್ನೇಯ ಅಂಚಿಗೆ ನಾರ್ತ್ ರ‍್ಯಾಂಡಲ್ ಎಂಬ ಪುಟ್ಟ ಊರಿದೆ. 1976ರ ಆಗಸ್ಟ್ 11ರಂದು ಅಲ್ಲಿ ರ‍್ಯಾಂಡಲ್ ಪಾರ್ಕ್ ಮಾಲ್ ತೆರೆಯಿತು. ವಿಸ್ತೀರ್ಣ ಸುಮಾರು 22 ಲಕ್ಷ ಚದರ ಅಡಿ, ಅಂಗಡಿಗಳು ಇನ್ನೂರಕ್ಕೂ ಹೆಚ್ಚು, ಐದು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು. ಜಗತ್ತಿನಲ್ಲೇ ದೊಡ್ಡ ಮಾಲ್ ಎಂದು ಹೇಳಿಕೊಂಡೇ ಬಾಗಿಲು ತೆರೆಯಿತು. ಊರಿನ ಜನಸಂಖ್ಯೆ ಆಗ ಸುಮಾರು 1,500, ಮಾಲ್‌ನಲ್ಲಿ ಕೆಲಸಕ್ಕಿದ್ದವರು 5,000. ಊರಿನ ಅಧಿಕೃತ ಮುದ್ರೆಗೂ ಶಾಪಿಂಗ್ ಚೀಲಗಳ ಚಿತ್ರ ಬಂತು.

2009ರಲ್ಲಿ ಮಾಲ್ ಮುಚ್ಚಿತು. 2014ರ ಡಿಸೆಂಬರ್ ಕೊನೆಗೆ ಕಟ್ಟಡ ಒಡೆಯಲು ಶುರುವಾಯಿತು. 2018ರಲ್ಲಿ ಅದೇ ಜಾಗದಲ್ಲಿ ಅಮೆಜಾನ್‌ನ ಸುಮಾರು 8.55 ಲಕ್ಷ ಚದರ ಅಡಿಯ ಗೋದಾಮು ಕೆಲಸ ಆರಂಭಿಸಿತು. ಅದೇ ಸೀಮೆಯ ಯೂಕ್ಲಿಡ್ ಸ್ಕ್ವೇರ್ ಮಾಲ್‌ನದೂ ಆಕ್ರನ್ ನಗರದ ರೋಲಿಂಗ್ ಏಕರ್ಸ್ ಮಾಲ್‌ನದೂ ಇದೇ ಕಥೆ. ಎರಡೂ ನೆಲಸಮವಾದವು, ಎರಡರ ಜಾಗಕ್ಕೂ ಅಮೆಜಾನ್ ಬಂತು. ಆನ್‌ಲೈನ್ ವ್ಯಾಪಾರ ಮಾಲ್‌ಗಳನ್ನು ಕೊಂದು ಅವುಗಳ ನೆಲವನ್ನೂ ನುಂಗಿತು ಎಂಬ ತೀರ್ಮಾನಕ್ಕೆ ಇಷ್ಟು ಸಾಕೆನಿಸುತ್ತದೆ.

ಇಸವಿಗಳು ಮಾತ್ರ ಅದಕ್ಕೆ ಒಪ್ಪುವುದಿಲ್ಲ. ರ‍್ಯಾಂಡಲ್ ಪಾರ್ಕ್‌ನಿಂದ ಆ ಐದು ದೊಡ್ಡ ಅಂಗಡಿಗಳಲ್ಲಿ ಜೆಸಿ ಪೆನ್ನಿ ಹೊರಟದ್ದು 2001ರಲ್ಲಿ, ಡಿಲ್ಲಾರ್ಡ್ಸ್ ಹೊರಟದ್ದು 2002ರಲ್ಲಿ. ಆಗ ಅಮೆರಿಕದ ಒಟ್ಟು ಚಿಲ್ಲರೆ ವ್ಯಾಪಾರದಲ್ಲಿ ಆನ್‌ಲೈನ್ ಪಾಲು ಶೇ. 1ರ ಆಸುಪಾಸಿನಲ್ಲಿತ್ತು. ಮಾಲ್ ಮುಚ್ಚಿದ 2009ರಲ್ಲೂ ಅದು ಶೇ. 4ರ ಸುತ್ತಮುತ್ತ. ನೂರು ರೂಪಾಯಿ ವ್ಯಾಪಾರದಲ್ಲಿ ನಾಲ್ಕು ರೂಪಾಯಿ ಕೈಬಿಟ್ಟರೆ 22 ಲಕ್ಷ ಚದರ ಅಡಿಯ ಕಟ್ಟಡ ಬೀಳುವುದಿಲ್ಲ. ಬೀಳಿಸಿದ ಕಾರಣಗಳು ಕಟ್ಟಿದ ದಿನವೇ ಕಾಗದದ ಮೇಲಿದ್ದವು: ತೆರಿಗೆ ಕಾನೂನಿನಲ್ಲಿ, ಬಾಡಿಗೆ ಕರಾರುಗಳಲ್ಲಿ, ಸಾಲದ ಷರತ್ತುಗಳಲ್ಲಿ.

ಮಾದರಿ ಬಂದದ್ದು ಎಲ್ಲಿಂದ

ನಾಲ್ಕೂ ಕಡೆ ಮುಚ್ಚಿದ, ಒಳಗೆಲ್ಲ ಒಂದೇ ಹವಾಮಾನವಿರುವ ಮಾಲ್‌ನ ಮೂಲ ಮಿನ್ನೆಸೋಟ ರಾಜ್ಯದ ಈಡೈನಾದಲ್ಲಿರುವ ಸೌತ್‌ಡೇಲ್. 1956ರ ಅಕ್ಟೋಬರ್ 8ರಂದು ತೆರೆಯಿತು. ವಿನ್ಯಾಸ ವಿಕ್ಟರ್ ಗ್ರುಯೆನ್ ಅವರದು. ವಿಯೆನ್ನಾದಲ್ಲಿ ಹುಟ್ಟಿ, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ವಾಸ್ತುಶಿಲ್ಪಿ. ಹಣ ಹಾಕಿದ್ದು ಡೇಟನ್ಸ್ ಎಂಬ ಸ್ಥಳೀಯ ಡಿಪಾರ್ಟ್‌ಮೆಂಟ್ ಸ್ಟೋರ್. ಚಳಿಗಾಲದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುವ ಆ ಊರಿನಲ್ಲಿ ಒಳಗಿನ ತಾಪಮಾನ ವರ್ಷವಿಡೀ 75 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 24 ಡಿಗ್ರಿ ಸೆಲ್ಸಿಯಸ್.

ಗ್ರುಯೆನ್ ಅಲ್ಲಿ ಮಾಡಿದ ಎರಡು ಏರ್ಪಾಡು ಇವತ್ತಿಗೂ ಮಾಲ್‌ಗಳ ಅಸ್ಥಿಪಂಜರ. ಮೊದಲನೆಯದು, ಪರಸ್ಪರ ಪೈಪೋಟಿಯ ಎರಡು ದೊಡ್ಡ ಅಂಗಡಿಗಳನ್ನು ಒಂದೇ ಸೂರಿನಡಿ ತಂದು, ನಡುವೆ ಸಣ್ಣ ಅಂಗಡಿಗಳ ಓಣಿ ಇಟ್ಟದ್ದು. ಒಂದು ದೊಡ್ಡ ಅಂಗಡಿಯಿಂದ ಇನ್ನೊಂದಕ್ಕೆ ಹೋಗುವವರು ಸಣ್ಣವುಗಳ ಮುಂದೆಯೇ ನಡೆಯಬೇಕು. ಎರಡನೆಯದು, ಕಾರು ನಿಲ್ಲಿಸುವ ಜಾಗವನ್ನು ಬೇರೆ ಬೇರೆ ಎತ್ತರದಲ್ಲಿ ಮಾಡಿದ್ದು. ಒಂದು ಕಡೆಯಿಂದ ಬಂದರೆ ನೇರ ಕೆಳಮಹಡಿ, ಇನ್ನೊಂದು ಕಡೆಯಿಂದ ಬಂದರೆ ನೇರ ಮೇಲ್ಮಹಡಿ. ಹೀಗಾಗಿ ಮೇಲ್ಮಹಡಿಯ ಅಂಗಡಿಗೆ ಗಿರಾಕಿ ಬರುವುದಿಲ್ಲ ಎಂಬ ದೂರು ಇಲ್ಲವಾಯಿತು. ಮಾಲ್‌ನ ಸುತ್ತ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ ಸೇರಿದ ಒಂದು ಊರೇ ಬೆಳೆಯಬೇಕೆಂದು ಅವರು ನಕ್ಷೆ ಹಾಕಿದ್ದರು. ಕಟ್ಟುವವರು ಲಾಭದ ಭಾಗವನ್ನಷ್ಟೇ ಎತ್ತಿಕೊಂಡು ದೇಶದ ತುಂಬ ನಕಲು ಮಾಡಿದರು. ಕೊನೆಗಾಲದಲ್ಲಿ ಗ್ರುಯೆನ್ ಈ ಸಂತಾನ ತನ್ನದಲ್ಲ ಎಂದು ಸಿಟ್ಟಿನಿಂದಲೇ ಹೇಳಿಬಿಟ್ಟರು.

ತೆರಿಗೆ ಕಟ್ಟಿಸಿದ ಮಾಲ್‌ಗಳು

ಕಾರು, ಹೆದ್ದಾರಿ, ಉಪನಗರ ಎಂಬ ಮೂರು ಕಾರಣವನ್ನು ಎಲ್ಲರೂ ಹೇಳುತ್ತಾರೆ. ನಾಲ್ಕನೆಯದು ಲೆಕ್ಕಪರಿಶೋಧಕರಿಗೆ ಮಾತ್ರ ಗೊತ್ತಿರುವಂಥದ್ದು: 1954ರ ಅಮೆರಿಕದ ಆದಾಯ ತೆರಿಗೆ ಸಂಹಿತೆ. ಅದಕ್ಕೆ ಮೊದಲು ವಾಣಿಜ್ಯ ಕಟ್ಟಡದ ಸವಕಳಿಯನ್ನು (ಕಟ್ಟಡ ಸವೆಯುತ್ತದೆಂದು ವರ್ಷವರ್ಷ ಆದಾಯದಿಂದ ಕಳೆದು ತೋರಿಸುವ ಮೊತ್ತ) ಸಾಮಾನ್ಯವಾಗಿ 40 ವರ್ಷಕ್ಕೆ ಸಮನಾಗಿ ಹಂಚಬೇಕಿತ್ತು. ಒಂದು ಕೋಟಿ ಡಾಲರಿನ ಕಟ್ಟಡಕ್ಕೆ ವರ್ಷಕ್ಕೆ ಎರಡೂವರೆ ಲಕ್ಷ. 1954ರ ನಂತರ ಹೊಸ ಕಟ್ಟಡಕ್ಕೆ ಅದರ ಇಮ್ಮಡಿ ದರದಲ್ಲಿ, ಉಳಿದ ಮೌಲ್ಯದ ಮೇಲೆ ಸವಕಳಿ ತೋರಿಸಬಹುದಾಯಿತು. ಮೊದಲ ವರ್ಷ 5 ಲಕ್ಷ, ಎರಡನೇ ವರ್ಷ 4.75 ಲಕ್ಷ, ಹೀಗೆ. ಮೊದಲ ಹತ್ತು ವರ್ಷದ ಮೊತ್ತ ಹಳೆಯ ಲೆಕ್ಕದಲ್ಲಿ 25 ಲಕ್ಷವಾದರೆ ಹೊಸ ಲೆಕ್ಕದಲ್ಲಿ ಸುಮಾರು 40 ಲಕ್ಷ. ಕಟ್ಟಡ ಲಾಭದಲ್ಲೇ ನಡೆಯುತ್ತಿದ್ದರೂ ಕಾಗದದ ಮೇಲೆ ನಷ್ಟ. ಆ ನಷ್ಟವನ್ನು ಬೇರೆ ಆದಾಯದಿಂದ ಕಳೆದು ತೆರಿಗೆ ಉಳಿಸಬಹುದಿತ್ತು.

ಇಲ್ಲಿ ‘ಹೊಸ ಕಟ್ಟಡಕ್ಕೆ’ ಎಂಬ ಷರತ್ತು ಮುಖ್ಯ. ಪೇಟೆಯ ನಡುವಿನ ಹಳೆಯ ಅಂಗಡಿ ಕಟ್ಟಡ ಕೊಂಡು ನಡೆಸಿದವನಿಗೆ ಅಷ್ಟು ಲಾಭವಿರಲಿಲ್ಲ; ಊರಾಚೆಯ ಹೊಲದಲ್ಲಿ ಹೊಸದಾಗಿ ಕಟ್ಟಿದರೆ ಪೂರ್ತಿ ಇತ್ತು. ಸವಕಳಿಯ ಲಾಭ ಮೊದಲ ವರ್ಷಗಳಲ್ಲೇ ಕರಗುತ್ತಿತ್ತು. ಹಾಗಾಗಿ ಅದು ಮುಗಿದೊಡನೆ ಮಾರು, ಇನ್ನೊಂದು ಕಟ್ಟು. 1969ರಲ್ಲಿ ಈ ದರವನ್ನು ಇಮ್ಮಡಿಯಿಂದ ಒಂದೂವರೆ ಪಟ್ಟಿಗೆ ಇಳಿಸಿದರು. 1981ರಲ್ಲಿ ಮತ್ತೆ ಸಡಿಲಿಸಿ, 40 ವರ್ಷದ ಜಾಗದಲ್ಲಿ ಬರೀ 15 ವರ್ಷ ಮಾಡಿದರು. 1986ರಲ್ಲಿ ಬಿಗಿ ಮಾಡಿ 31.5 ವರ್ಷಕ್ಕೆ ಏರಿಸಿ, ಕಾಗದದ ನಷ್ಟವನ್ನು ಬೇರೆ ಆದಾಯದ ಎದುರು ತೋರಿಸುವ ದಾರಿಯನ್ನೂ ಬಹುಮಟ್ಟಿಗೆ ಮುಚ್ಚಿದರು. ಅಷ್ಟರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕಟ್ಟಿಯಾಗಿತ್ತು. ಇವತ್ತು ಅಮೆರಿಕದಲ್ಲಿ ತಲೆಗೆ 20 ಚದರ ಅಡಿಗಿಂತ ಹೆಚ್ಚು ಶಾಪಿಂಗ್ ಸೆಂಟರ್ ಜಾಗವಿದೆ, ಯುರೋಪಿನ ಹಲವು ಪಟ್ಟು.

ಕ್ಲೀವ್‌ಲ್ಯಾಂಡ್‌ನಲ್ಲಿ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ನಗರದ ಜನಸಂಖ್ಯೆ 1950ರಲ್ಲಿ 9.15 ಲಕ್ಷ, 1970ರಲ್ಲಿ 7.51 ಲಕ್ಷ, 1980ಕ್ಕೆ 5.74 ಲಕ್ಷ. ಜನ ಉಪನಗರಕ್ಕೆ ಹೋದರು, ಮಾಲ್ ಅವರ ಹಿಂದೆ ಹೋಯಿತು ಎನ್ನೋಣ ಎಂದರೆ, ಉಪನಗರಗಳೂ ಸೇರಿದ ಇಡೀ ಕಾಯಹೋಗ ಕೌಂಟಿಯ ಜನಸಂಖ್ಯೆಯೇ 1970ರ 17.2 ಲಕ್ಷದಿಂದ 1980ಕ್ಕೆ 15 ಲಕ್ಷಕ್ಕೆ ಇಳಿದಿತ್ತು. ಹೀಗೆ ಗಿರಾಕಿಗಳು ಕಡಿಮೆಯಾಗುತ್ತಿದ್ದ ದಶಕದಲ್ಲೇ ರ‍್ಯಾಂಡಲ್ ಪಾರ್ಕ್ (1976), ಯೂಕ್ಲಿಡ್ ಸ್ಕ್ವೇರ್ (1977), ಬೀಚ್‌ವುಡ್ ಪ್ಲೇಸ್ (1978) ಸಾಲಾಗಿ ತೆರೆದವು. ಪ್ರತಿ ಹೊಸ ಮಾಲ್ ಇನ್ನೊಂದರ ಗಿರಾಕಿಯನ್ನು ಎಳೆದುಕೊಂಡೇ ಬದುಕಬೇಕಿತ್ತು.

ರ‍್ಯಾಂಡಲ್ ಪಾರ್ಕ್ ಕಟ್ಟಿದವರು ಯಂಗ್ಸ್‌ಟೌನ್‌ನ ಎಡ್ವರ್ಡ್ ಡಿಬಾರ್ಟೊಲೊ, ಆ ಕಾಲಕ್ಕೆ ದೇಶದ ಅತಿ ದೊಡ್ಡ ಮಾಲ್ ನಿರ್ಮಾಪಕರಲ್ಲಿ ಒಬ್ಬರು. ಜಾಗ ಹಳೆಯ ಕುದುರೆ ಜೂಜಿನ ಮೈದಾನ. ಅದರ ನೆರೆಯಲ್ಲೇ ಇದ್ದ ಥಿಸಲ್‌ಡೌನ್ ಎಂಬ ಇನ್ನೊಂದು ಕುದುರೆ ಮೈದಾನ ಇವತ್ತಿಗೂ ನಡೆಯುತ್ತಿದೆ. ಮಾಲ್‌ಗಿಂತ ಕುದುರೆಗೇ ಆಯಸ್ಸು ಗಟ್ಟಿ!

ಆಂಕರ್ ಎಂಬ ಕೀಲು

ಮಾಲ್ ಏಕೆ ಒಮ್ಮೆಲೇ ಕುಸಿಯುತ್ತದೆ ಎಂಬುದನ್ನು ಅರಿಯಲು ಬಾಡಿಗೆಯ ವ್ಯವಸ್ಥೆ ನೋಡಬೇಕು. ಜಾತ್ರೆಯಲ್ಲಿ ತೇರು ಇದ್ದರೆ ತಾನೇ ಬೆಂಡು ಬತ್ತಾಸಿನ ಅಂಗಡಿಗೆ ವ್ಯಾಪಾರ? ಮಾಲ್‌ನ ತೇರು ಡಿಪಾರ್ಟ್‌ಮೆಂಟ್ ಸ್ಟೋರ್, ಅದನ್ನೇ ಆಂಕರ್ ಎನ್ನುವುದು. ತೇರಿನಿಂದ ಯಾರೂ ಬಾಡಿಗೆ ಕೇಳುವುದಿಲ್ಲ. ಆಂಕರ್ ತನ್ನ ಕಟ್ಟಡವನ್ನೂ ಅದರಡಿಯ ನೆಲವನ್ನೂ ತಾನೇ ಹೊಂದಿರುತ್ತಿತ್ತು, ಇಲ್ಲವೇ ಚದರ ಅಡಿಗೆ ಹೆಸರಿಗಷ್ಟೇ ಬಾಡಿಗೆ ಕೊಡುತ್ತಿತ್ತು. ಮಾಲ್ ಮಾಲೀಕನ ಆದಾಯ ಬರುವುದೆಲ್ಲ ನಡುವಿನ ಓಣಿಯ ಸಣ್ಣ ಅಂಗಡಿಗಳಿಂದ.

ಆ ಸಣ್ಣ ಅಂಗಡಿಯ ಬಾಡಿಗೆಯಲ್ಲಿ ಎರಡು ಭಾಗ. 2,000 ಚದರ ಅಡಿಗೆ ವರ್ಷಕ್ಕೆ ಅಡಿಗೆ 30 ಡಾಲರಿನಂತೆ ಮೂಲ ಬಾಡಿಗೆ 60,000 ಡಾಲರ್ ಎಂದುಕೊಳ್ಳಿ. ಜೊತೆಗೆ ವಹಿವಾಟಿನ ಶೇ. 6. ಅರವತ್ತು ಸಾವಿರವನ್ನು ಶೇ. 6ರಿಂದ ಭಾಗಿಸಿದರೆ 10 ಲಕ್ಷ ಡಾಲರ್. ವಹಿವಾಟು ಅದನ್ನು ದಾಟಿದ ಮೇಲಿನ ಮೊತ್ತಕ್ಕೆ ಮಾತ್ರ ಶೇ. 6 ಸೇರುತ್ತದೆ. ಇದಲ್ಲದೆ ಸಾಮಾನ್ಯ ಜಾಗದ ನಿರ್ವಹಣೆ, ಆಸ್ತಿ ತೆರಿಗೆ, ವಿಮೆಯ ಪಾಲು ಬೇರೆ.

ಕರಾರಿನಲ್ಲಿ ಇನ್ನೊಂದು ಕಲಮು ಇರುತ್ತದೆ: ಸಹ-ಬಾಡಿಗೆದಾರರ ಷರತ್ತು. ಅದರ ಧಾಟಿ ಸಾಮಾನ್ಯವಾಗಿ ಹೀಗೆ: ಇಂತಿಷ್ಟು ಆಂಕರ್‌ಗಳು ಮುಚ್ಚಿದರೆ, ಅಥವಾ ಮಾಲ್‌ನ ತುಂಬಿದ ಜಾಗ ಶೇ. 80ಕ್ಕಿಂತ ಕೆಳಗಿಳಿದರೆ, ಬಾಡಿಗೆದಾರ ಮೂಲ ಬಾಡಿಗೆ ನಿಲ್ಲಿಸಿ ವಹಿವಾಟಿನ ಶೇಕಡಾ ಪಾಲನ್ನಷ್ಟೇ ಕೊಡಬಹುದು. ವರ್ಷದೊಳಗೆ ಸರಿಹೋಗದಿದ್ದರೆ ದಂಡವಿಲ್ಲದೆ ಬಿಟ್ಟು ಹೋಗಬಹುದು. ಹೆಸರಾಂತ ಬ್ರ್ಯಾಂಡ್‌ಗಳೆಲ್ಲ ಇದನ್ನು ಬರೆಸಿಕೊಂಡೇ ಒಳಗೆ ಬರುತ್ತಿದ್ದವು. ಬಾಡಿಗೆಯೇ ಕೊಡದ ಆಂಕರ್ ಹೋದದ್ದರಿಂದ ನೇರ ನಷ್ಟ ಅಷ್ಟಕ್ಕಷ್ಟೆ. ಅದು ಹೋದ ತಿಂಗಳಲ್ಲೇ ಬಾಡಿಗೆ ಕೊಡುತ್ತಿದ್ದ ಹತ್ತಾರು ಅಂಗಡಿಗಳ ಬಾಡಿಗೆ ಇಳಿಯುವುದೇ ಪೆಟ್ಟು. ಮೇಲಿನ ಲೆಕ್ಕದ ಅಂಗಡಿಯ ವಹಿವಾಟು 5 ಲಕ್ಷಕ್ಕೆ ಕುಸಿದಿದ್ದರೆ, 60,000 ಡಾಲರ್ ಬರುತ್ತಿದ್ದಲ್ಲಿ ಇನ್ನು 30,000. ಅಲ್ಲಿಂದ ಪ್ರತಿ ನಿರ್ಗಮನವೂ ಮುಂದಿನ ನಿರ್ಗಮನಕ್ಕೆ ಕಾರಣ.

ಆಂಕರ್ ಹೋಗಲು ಆ ಮಾಲ್‌ನಲ್ಲಿ ವ್ಯಾಪಾರ ಕೆಡಲೇಬೇಕೆಂದಿಲ್ಲ. 1988ರಲ್ಲಿ ಹಿಗ್ಬೀಸ್ ಎಂಬ ಕ್ಲೀವ್‌ಲ್ಯಾಂಡ್‌ನ ಹಳೆಯ ಸಂಸ್ಥೆಯನ್ನು ಡಿಲ್ಲಾರ್ಡ್ಸ್ ಮತ್ತು ಸ್ವತಃ ಡಿಬಾರ್ಟೊಲೊ ಕಂಪನಿ ಜೊತೆಯಾಗಿ ಕೊಂಡವು. ಮಾಲ್ ಕಟ್ಟಿದವನೇ ತನ್ನ ಆಂಕರ್ ಅನ್ನು ಉಳಿಸಿಕೊಳ್ಳಲು ಕೊಳ್ಳಬೇಕಾದ ಸ್ಥಿತಿ. 1992ರಲ್ಲಿ ಹಿಗ್ಬೀಸ್ ಬೋರ್ಡು ಇಳಿದು ಡಿಲ್ಲಾರ್ಡ್ಸ್ ಆಯಿತು. ಮರುವರ್ಷ ಇನ್ನೊಂದು ಆಂಕರ್ ಆದ ಮೇ ಕಂಪನಿಯ ಬೋರ್ಡು ಕಾಫ್‌ಮನ್ಸ್ ಆಯಿತು. 2005ರಲ್ಲಿ ಕಾಫ್‌ಮನ್ಸ್‌ನ ಒಡೆತನವಿದ್ದ ಮೇ ಸಮೂಹವನ್ನು ಮೇಸೀಸ್‌ನ ಒಡೆಯರಾದ ಫೆಡರೇಟೆಡ್ ಕೊಂಡಿತು. ದೇಶದಾದ್ಯಂತ ಒಂದೇ ಮಾಲ್‌ನಲ್ಲಿ ಎರಡೆರಡಾದ ಸುಮಾರು 80 ಅಂಗಡಿ ಮಾರಾಟಕ್ಕೆ ಬಂದವು. 2006ರಲ್ಲಿ ಬೋರ್ಡು ಮೇಸೀಸ್ ಆಯಿತು, 2008ರಲ್ಲಿ ಆ ಬಾಗಿಲೂ ಮುಚ್ಚಿತು. ಮೊದಲ ಐದರಲ್ಲಿ ಕೊನೆಗೆ ಉಳಿದ ಸಿಯರ್ಸ್ 2009ರಲ್ಲಿ ಹೊರಟಿತು. ಐದು ಆಂಕರ್‌ಗಳಿರುವ ಮಾಲ್ ಎಂದರೆ ಐದು ಪಟ್ಟು ಭದ್ರ ಎಂದು 1976ರಲ್ಲಿ ಅನಿಸಿರಬಹುದು. ವಿಲೀನಗಳ ಕಾಲದಲ್ಲಿ ಅದು ಎಲ್ಲೋ ದೂರದ ಐದು ಆಡಳಿತ ಮಂಡಳಿಗಳ ಹಂಗು.

ಇನ್ನೊಂದು ಕಾರಣವನ್ನು ಅಮೆರಿಕದ ವ್ಯಾಪಾರ ವರದಿಗಳು ‘ಗಿರಾಕಿ ವಲಯದ ಬದಲಾವಣೆ’ ಎಂದು ನಯವಾಗಿ ದಾಟಿಸುತ್ತವೆ. ಬಿಡಿಸಿ ಹೇಳಿದರೆ ಜನಾಂಗದ ಪ್ರಶ್ನೆ. ಸುತ್ತಲಿನ ವಾರನ್ಸ್‌ವಿಲ್ ಹೈಟ್ಸ್, ಮೇಪಲ್ ಹೈಟ್ಸ್ ಕಡೆ ಕಪ್ಪು ಜನರ ಕುಟುಂಬಗಳು ಬಂದಂತೆ ಬಿಳಿಯರು ಇನ್ನೂ ಆಚೆಗೆ ಸರಿದರು. ದುಬಾರಿ ಬ್ರ್ಯಾಂಡ್‌ಗಳು ಕೆಲವೇ ಕಿಲೋಮೀಟರ್ ಉತ್ತರಕ್ಕಿದ್ದ ಬೀಚ್‌ವುಡ್ ಪ್ಲೇಸ್ ಕಡೆ ವಾಲಿದವು. 1999ರಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಮ್ಯಾಜಿಕ್ ಜಾನ್ಸನ್ ಹೆಸರಿನ ಚಿತ್ರಮಂದಿರ ಬಂದು ಜನ ಸೇರಿಸಿತು, ಸೇರಿದ ಜನರನ್ನು ಉಳಿದ ಅಂಗಡಿಗಳು ಗಿರಾಕಿಗಳೆಂದು ಎಣಿಸಿದ ಹಾಗೆ ಕಾಣಲಿಲ್ಲ.

ಸಾಲ ಮೊದಲು, ಚಾವಣಿ ಆಮೇಲೆ

ಮಾಲ್‌ನ ಬೆಲೆ ಕಟ್ಟಡದ್ದಲ್ಲ, ಅದು ತರುವ ನಿವ್ವಳ ಬಾಡಿಗೆಯದು. ವರ್ಷಕ್ಕೆ ಒಂದು ಕೋಟಿ ಡಾಲರ್ ಉಳಿಯುವ ಮಾಲ್‌ನಿಂದ ಕೊಳ್ಳುವವ ಶೇ. 8 ಆದಾಯ ಬಯಸಿದರೆ ಬೆಲೆ ಹನ್ನೆರಡೂವರೆ ಕೋಟಿ. ಅದರ ಶೇ. 70, ಅಂದರೆ 8.75 ಕೋಟಿ ಸಾಲ ಸಿಗುತ್ತದೆ. ಈಗ ಎರಡು ಆಂಕರ್ ಹೋಗಿ ಉಳಿಕೆ 70 ಲಕ್ಷಕ್ಕೆ ಇಳಿಯಿತೆನ್ನಿ. ಅಪಾಯ ಕಂಡ ಕೊಳ್ಳುಗ ಈಗ ಶೇ. 14 ಕೇಳುತ್ತಾನೆ. ಬೆಲೆ 5 ಕೋಟಿ. ಬಾಡಿಗೆ ಇಳಿದದ್ದು ಶೇ. 30, ಬೆಲೆ ಇಳಿದದ್ದು ಶೇ. 60. ಸಾಲವೇ ಬೆಲೆಗಿಂತ 3.75 ಕೋಟಿ ಹೆಚ್ಚಾಯಿತು. ಇಂಥ ಸಾಲಗಳಲ್ಲಿ ಅಸಲಿನ ಬಹುಪಾಲು ಹತ್ತನೇ ವರ್ಷದ ಕೊನೆಗೆ ಒಂದೇ ಗಂಟಾಗಿ ತೀರಬೇಕು, ಅಂದರೆ ಹೊಸ ಸಾಲ ಎತ್ತಿಯೇ ತೀರಿಸಬೇಕು. ಯಾರೂ ಕೊಡುವುದಿಲ್ಲ. ಮಾಲೀಕ ಕೀಲಿಕೈಯನ್ನು ಸಾಲದವರಿಗೆ ಒಪ್ಪಿಸಿ ನಡೆಯುತ್ತಾನೆ. ಆ ಸಾಲಕ್ಕೆ ಮಾಲ್ ಬಿಟ್ಟು ಅವನ ಬೇರೆ ಆಸ್ತಿ ಸಾಮಾನ್ಯವಾಗಿ ಹೊಣೆಯಲ್ಲ.

ಆಮೇಲೆ ಮಾಲ್ ಪುಡಿಗಾಸಿಗೆ ಕೈಬದಲಾಗುತ್ತದೆ. ಹೊಸ ಮಾಲೀಕನ ಲೆಕ್ಕ ಸರಳ: ದುರಸ್ತಿಗೆ ಹಾಕದೆ, ಬಂದಷ್ಟು ಬಾಡಿಗೆ ಎತ್ತು. ಮೊದಲು ಕೆಡುವುದು ಚಾವಣಿ. ಮಾಲ್‌ನದು ಎಕರೆಗಟ್ಟಲೆ ಸಮತಟ್ಟು ತಾರಸಿ. ನೀರು ತಡೆಯುವ ಪದರದ ಬಾಳಿಕೆ 20ರಿಂದ 25 ವರ್ಷ. ಎಪ್ಪತ್ತರ ದಶಕದ ಮಾಲ್‌ಗಳಲ್ಲಿ ಅದನ್ನು ಎರಡನೇ ಸಲ ಹಾಸಬೇಕಾದ ಹೊತ್ತಿಗೆ ಸರಿಯಾಗಿ ಆಂಕರ್‌ಗಳು ಹೊರಡುತ್ತಿದ್ದವು. ಸೋರಿಕೆಗೆ ಬಕೆಟ್ ಇಡುತ್ತಾರೆ. ಖಾಲಿ ಭಾಗಕ್ಕೆ ಕಾವು ನಿಲ್ಲಿಸುತ್ತಾರೆ. ಚಳಿಗಾಲದಲ್ಲಿ ಆ ಭಾಗದ ಸ್ಪ್ರಿಂಕ್ಲರ್ ಕೊಳವೆಯ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ. ಬೆಂಕಿ ನಂದಿಸುವ ವ್ಯವಸ್ಥೆ ಇಲ್ಲದ ಕಟ್ಟಡದಲ್ಲಿ ಜನ ಸೇರಿಸಲು ನಗರಾಡಳಿತ ಬಿಡುವುದಿಲ್ಲ. ಯೂಕ್ಲಿಡ್ ಸ್ಕ್ವೇರ್‌ನಲ್ಲಿ ಅಂಗಡಿಗಳು ಖಾಲಿಯಾದ ಮೇಲೆ ಸುಮಾರು ಎರಡು ಡಜನ್ ಸಣ್ಣ ಚರ್ಚುಗಳು ಬಾಡಿಗೆಗೆ ಬಂದು ಭಾನುವಾರದ ಪ್ರಾರ್ಥನೆ ನಡೆಸುತ್ತಿದ್ದವು. 2016ರಲ್ಲಿ ಕಟ್ಟಡದ ಸುರಕ್ಷತೆಯ ಕಾರಣಕ್ಕೇ ಅವನ್ನೂ ಖಾಲಿ ಮಾಡಿಸಿದರು.

ಗೋದಾಮಿನವರಿಗೆ ಇಂಥ ಜಾಗ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹತ್ತಾರು ಎಕರೆ ಸಮತಟ್ಟು ನೆಲ, ಹೆದ್ದಾರಿಯ ಪಕ್ಕ, ದೊಡ್ಡ ವಿದ್ಯುತ್ ಸಂಪರ್ಕ, ನೀರು, ಒಳಚರಂಡಿ ಎಲ್ಲ ಮೊದಲೇ ಇದೆ. ಸುತ್ತ ಕೆಲಸ ಹುಡುಕುವ ಜನವೂ ಇದ್ದಾರೆ. ನಾರ್ತ್ ರ‍್ಯಾಂಡಲ್‌ಗೆ ಸಿಕ್ಕ ಭರವಸೆ ಎರಡು ಸಾವಿರ ಕೆಲಸ. ಮಾಲ್ ಕೊಟ್ಟದ್ದು ಐದು ಸಾವಿರ.

ಬೆಂಗಳೂರಿನ ಕರಾರು ಪತ್ರ

ಇದೇ ಮಾದರಿ ಬೆಂಗಳೂರಿಗೆ ನೆಲೆಯೂರಿದ್ದು 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನೊಂದಿಗೆ. ಕಟ್ಟಿದ್ದು ಪ್ರೆಸ್ಟೀಜ್. ಆಮೇಲೆ ಅದು ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ಪಾಲಾಗಿ ನೆಕ್ಸಸ್ ಆಯಿತು. 2023ರ ಮೇ ತಿಂಗಳಲ್ಲಿ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಷೇರುಪೇಟೆಗೆ ಬಂತು. ಮೈಸೂರು, ಮಂಗಳೂರಿನ ಮಾಲ್‌ಗಳೂ ಅದರಲ್ಲಿವೆ. ಒಂದೇ ಒಡೆತನ, ಬಾಡಿಗೆಗೆ ಮಾತ್ರ ಅಂಗಡಿ ಎಂಬ ಈ ಕ್ರಮ ನಮ್ಮಲ್ಲಿ ಎಲ್ಲ ಕಡೆ ಇಲ್ಲ. ಹಣ ಬೇಗ ಕೈಸೇರಲೆಂದು ಒಂದೊಂದು ಮಳಿಗೆಯನ್ನೂ ಬೇರೆ ಬೇರೆಯವರಿಗೆ ಮಾರಿದ ಮಾಲ್‌ಗಳು ಸಾಕಷ್ಟಿವೆ. ಅಲ್ಲಿ ಯಾವ ಅಂಗಡಿ ಎಲ್ಲಿರಬೇಕೆಂದು ಹೇಳುವವರಿಲ್ಲ. ಎಸ್ಕಲೇಟರ್ ಕೆಟ್ಟರೆ ಖರ್ಚು ಹಂಚಲು ಇನ್ನೂರು ಮಾಲೀಕರು ಒಪ್ಪಬೇಕು. ನೈಟ್ ಫ್ರ್ಯಾಂಕ್ ಸಂಸ್ಥೆಯ ವರದಿ 2023ರಲ್ಲಿ ದೇಶದ ಎಂಟು ಮಹಾನಗರಗಳಲ್ಲಿ ಶೇ. 40ಕ್ಕಿಂತ ಹೆಚ್ಚು ಖಾಲಿ ಬಿದ್ದ 64 ಶಾಪಿಂಗ್ ಸೆಂಟರ್‌ಗಳನ್ನು ಎಣಿಸಿತು. ಅವುಗಳಲ್ಲಿ ಎಷ್ಟನ್ನು ಕೆಡಿಸಿದ್ದು ಆನ್‌ಲೈನ್, ಎಷ್ಟನ್ನು ಕೆಡಿಸಿದ್ದು ಬಿಡಿಬಿಡಿ ಒಡೆತನ ಎಂದು ಕೇಳಿದರೆ ನನ್ನ ಬೆರಳು ಎರಡನೆಯದರ ಕಡೆಗೇ ಹೋಗುತ್ತದೆ.

ಆಂಕರ್ ಬೀಳುವುದನ್ನು ನಾವೂ ಕಂಡಿದ್ದೇವೆ. 2022ರಲ್ಲಿ ಫ್ಯೂಚರ್ ಸಮೂಹ ಕುಸಿದು ಬಿಗ್ ಬಜಾರ್ ಅಂಗಡಿಗಳು ಬಾಗಿಲು ಹಾಕಿದವು. ಹಲವನ್ನು ರಿಲಯನ್ಸ್ ಹಿಡಿದು ಬೇರೆ ಹೆಸರಿನಲ್ಲಿ ತೆರೆಯಿತು. 2023ರಲ್ಲಿ ಪಿವಿಆರ್ ಮತ್ತು ಐನಾಕ್ಸ್ ಒಂದಾದವು. ನಮ್ಮ ಮಾಲ್‌ಗಳ ಮೇಲ್ಮಹಡಿ ನಿಂತಿರುವುದೇ ಮಲ್ಟಿಪ್ಲೆಕ್ಸ್ ಮೇಲೆ.

ಮಾಲ್‌ನಲ್ಲಿ ಮಳಿಗೆ ಹಿಡಿಯಲು ಹೊರಟವರು ಮೊದಲು ಕೇಳಬೇಕಾದದ್ದು ಕಾರ್ಪೆಟ್ ಏರಿಯಾ. ಬಾಡಿಗೆ ಹಾಕುವುದು ಅದರ ಮೇಲಲ್ಲ, ಓಣಿ, ಮೆಟ್ಟಿಲು, ಲಿಫ್ಟ್ ಸೇರಿಸಿದ ಲೆಕ್ಕದ ಮೇಲೆ. ಕೈಗೆ ಸಿಗುವುದು 600 ಚದರ ಅಡಿ, ಲೆಕ್ಕಕ್ಕೆ 1,100 ಎಂದಿಟ್ಟುಕೊಳ್ಳಿ. ಅಡಿಗೆ 150 ರೂಪಾಯಿಯಂತೆ ಕನಿಷ್ಠ ಖಾತರಿ ಬಾಡಿಗೆ ತಿಂಗಳಿಗೆ 1,65,000. ನಿರ್ವಹಣೆ ಶುಲ್ಕ ಅಡಿಗೆ 30ರಂತೆ 33,000. ಶೇ. 18 ಜಿಎಸ್‌ಟಿ 35,640. ವಹಿವಾಟಿನ ಪಾಲು ಶೇ. 15 ಎಂದಿದ್ದರೆ ತಿಂಗಳಿಗೆ 11 ಲಕ್ಷ ದಾಟಿದ ಮೇಲೆ ಪಾಲಿನ ಲೆಕ್ಕ ಶುರು, ಏಕೆಂದರೆ ಎರಡರಲ್ಲಿ ಹೆಚ್ಚಿನದನ್ನು ಕೊಡಬೇಕು. ಈ ವಹಿವಾಟಿನಲ್ಲಿ ಜಿಎಸ್‌ಟಿ ಸೇರಿದೆಯೇ, ಅಂಗಡಿಯಿಂದ ಹೊರಹೋಗುವ ಆನ್‌ಲೈನ್ ಆರ್ಡರ್ ಸೇರಿದೆಯೇ ಎಂಬುದನ್ನು ಬರೆಸಿಕೊಳ್ಳದಿದ್ದರೆ ಆಮೇಲೆ ಜಗಳ ಖಂಡಿತ. ಜನರೇಟರ್ ಕರೆಂಟಿಗೆ ಬೇರೆ ದರವಿದೆಯೇ ನೋಡಿ. ಮಾಲ್‌ನ ಸ್ವಾಧೀನಾನುಭವ ಪತ್ರ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಕೊನೆಯ ಆಸ್ತಿ ತೆರಿಗೆ ರಸೀದಿ ಮೂರರ ಪ್ರತಿ ಕೇಳಿ. ತೆರಿಗೆ ಬಾಕಿಗೆ ಮುಖ್ಯದ್ವಾರಕ್ಕೆ ಬೀಗ ಬಿದ್ದರೆ ಬಾಡಿಗೆ ಸರಿಯಾಗಿ ಕಟ್ಟಿದವನ ಅಂಗಡಿಯೂ ಒಳಗೇ ಉಳಿಯುತ್ತದೆ.

ಸಹ-ಬಾಡಿಗೆದಾರರ ಷರತ್ತನ್ನು ಇಲ್ಲಿ ಸಣ್ಣ ವ್ಯಾಪಾರಿಗೆ ಯಾರೂ ತಾವಾಗಿ ಕೊಡುವುದಿಲ್ಲ. ಅದರ ಬದಲು ಲಾಕ್-ಇನ್ ಅವಧಿಯ (ಬಾಡಿಗೆದಾರ ಮಳಿಗೆ ಬಿಡುವಂತಿಲ್ಲದ ಅವಧಿ) ಕಲಮಿನಲ್ಲೇ ಒಂದು ವಾಕ್ಯ ಸೇರಿಸಲು ಒತ್ತಾಯಿಸಬಹುದು: ದೊಡ್ಡ ಅಂಗಡಿ ಮತ್ತು ಮಲ್ಟಿಪ್ಲೆಕ್ಸ್ ಎರಡೂ ಸತತ ಆರು ತಿಂಗಳು ಮುಚ್ಚಿದ್ದರೆ ಲಾಕ್-ಇನ್ ಅನ್ವಯಿಸುವುದಿಲ್ಲ, ಠೇವಣಿ ಪೂರ್ತಿ ವಾಪಸ್. ಕರಾರು ಒಂದು ವರ್ಷ ಮೀರಿದ್ದಾದರೆ ಅದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ನೋಂದಣಿಯಾಗದ ಕಾಗದದಲ್ಲಿರುವ ಆ ವಾಕ್ಯವನ್ನು ನ್ಯಾಯಾಲಯದಲ್ಲಿ ಎತ್ತಿ ತೋರಿಸುವುದು ಕಷ್ಟ.